ಜಲಜಳ ರವಕೆ ಮತ್ತು ಕ್ಲೌಡ್

“ಇನ್ನೊಮ್ಮೆ ಟೇಪ್ ಹಿಡಿಯುವುದಾದ್ರೆ ನನಗೆ ಹೊಸ ರವಕೆಯೇ ಬೇಡ ದೊಡ್ಡಮ್ಮ,” ಎಂದಳು ಜಲಜ. ಅವಳ ಮಗಳ ಮದುವೆಗೆ ಉಳಿದದ್ದು ಒಂದೇ ವಾರ.

ವಿಟ್ಲದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಕ್ಯಾನ್ಸರ್ ಬಂದು ಜಲಜಳ ಒಂದು ಮೊಲೆ ತೆಗೆದಿದ್ದಾರೆ. ಹಳೆಯ ರವಕೆಗಳು ಅಳತೆಗೆ ಆಗುವುದಿಲ್ಲ. ಹೋದ ತಿಂಗಳು ಬಾಗಿಲು ಹಾಕಿಸಿ, ಕಣ್ಣು ಮುಚ್ಚಿ ನಿಂತು ಅಳತೆ ಕೊಟ್ಟಿದ್ದಳು. ಆ ಅಳತೆ ಇದ್ದದ್ದು ಅಂಗಡಿಯ ಲ್ಯಾಪ್‌ಟಾಪಿನಲ್ಲಿ. ಅದರ ಮೇಲೆ ನಾನು ಗಂಜಿ ಚೆಲ್ಲಿದೆ, ಅದು ಕೆಟ್ಟೇ ಹೋಯಿತು. (ಅಂಗಡಿಯೊಳಗೆ ಊಟ ಬೇಡ ಎಂದು ಕೆಲಸದವರಿಗೆ ಬೈಯುವವಳೂ ನಾನೇ.)

ಅಳತೆಯ ಪ್ರೋಗ್ರಾಂ ಬರೆದವಳು ಮೊಮ್ಮಗಳು ದೀಕ್ಷಾ. ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕಲಿಯುತ್ತಾಳೆ. ಕರೆಸಿದೆ. ಬಂದವಳೇ ತನ್ನ ಲ್ಯಾಪ್‌ಟಾಪ್ ತೆರೆದಳು.

“ಹೆದರಬೇಡಿ ಅಜ್ಜಿ, ಆಬ್ಜೆಕ್ಟ್ ಕ್ಲೌಡಿನಲ್ಲಿ ಉಂಟು.”

“ಹೆದರಿದ್ದು ಯಾರು? ಆಬ್ಜೆಕ್ಟ್ ಅಂದ್ರೆ ಎಂತ ಮಾರಾಯ್ತಿ?”

“ಒಬ್ಬೊಬ್ಬ ಗಿರಾಕಿಯದ್ದು ಒಂದೊಂದು ಕಟ್ಟು ಅಂತ ಇಟ್ಕೊಳ್ಳಿ. ಅಳತೆ, ನೀವು ಹೇಳಿದ ಸೂಚನೆ, ಎಲ್ಲಾ ಒಟ್ಟಿಗೆ. ಅದನ್ನು ಬಿಡಿಸಿ, ಬರೀ ಅಕ್ಷರದ ಸಾಲು ಮಾಡಿ, ಒಂದು ಹೆಸರಿಟ್ಟು ದೂರದ ಮೆಷಿನಿಗೆ, ಅದೇ ಕ್ಲೌಡಿಗೆ, ಕಳಿಸ್ತೇನೆ. ಬೇಕಾದಾಗ ಆ ಹೆಸರು ಕೊಟ್ಟು ತರಿಸಿ ಮತ್ತೆ ಜೋಡಿಸುವುದು.”

“ಅಲ್ಲಿ ಯಾರಾದ್ರೂ ನೋಡಿದ್ರೆ?” ಜಲಜ ಸೆರಗು ಎಳೆದುಕೊಂಡಳು.

“ಬೀಗ ಹಾಕಿಯೇ ಕಳಿಸಿದ್ದು ಜಲಜಕ್ಕ. ಕೀ ನನ್ನ ಹತ್ರ.”

ಹೆಸರು ಒತ್ತಿದಳು. ಏನೂ ಬರಲಿಲ್ಲ. ಜಲಜ ಚಪ್ಪಲಿ ಹುಡುಕತೊಡಗಿದಳು.

“ಕೂತ್ಕೊಳ್ಳಿ! ಊರಿನ ಹೆಸರು ಸೇರಿಸಿ ಇಟ್ಟಿದ್ದೆ, ಮರೆತೆ.”

ಬಂತು! ಎಡ ಬೇರೆ, ಬಲ ಬೇರೆ. ಒಳಗೆ ಮೆತ್ತೆ ಎಲ್ಲಿಂದ ಎಲ್ಲಿಗೆ. ‘ಎಡತೋಳು ಬಾತಿದೆ, ಅರ್ಧ ಇಂಚು ಸಡಿಲ.’ ಹೇಳಿದವಳು ನಾನು, ಮರೆತವಳೂ ನಾನು. ಚೂರುಚೂರಾಗಿ ಎಲ್ಲಿಗೋ ಹೋದದ್ದು ಒಂದು ಎಳೆಯೂ ತಪ್ಪದೆ ಎದುರು ಬಂದು ನಿಂತಿತ್ತು. ಇಷ್ಟು ವರ್ಷ ಕತ್ತರಿ ಹಿಡಿದ ನಾನು ಕನ್ನಡಕ ಒರೆಸಿ ಎರಡೆರಡು ಸಲ ಓದಿದೆ. ಸುಳ್ಳು ಯಾಕೆ ಹೇಳಲಿ?

ಜಲಜ ಬಟ್ಟೆಯ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟಳು.

ಮದುವೆಯಲ್ಲಿ ರವಕೆ ಚೆನ್ನಾಗಿ ಕೂತಿತ್ತು. ಊಟದ ಸಾಲಿನಲ್ಲಿ ಮಾತ್ರ ನೆಂಟರು ಒಬ್ಬೊಬ್ಬರಾಗಿ ಜಲಜಳ ಕಡೆ ಬಗ್ಗಿ ಕೇಳಿದರು: “ಈಗ ಹೇಗುಂಟು? ಪೂರ್ತಿ ತೆಗೆದ್ರಾ?” ಆಸ್ಪತ್ರೆಯಲ್ಲಿ ಕೇಳಿದವರೇ, ಮನೆಗೆ ಬಂದು ಕೇಳಿದವರೇ.

ಆ ಮೆಷಿನ್ ಒಮ್ಮೆ ತಿಳಿದುಕೊಂಡು ಬಾಯಿ ಮುಚ್ಚಿಕೊಂಡಿತು, ನಮಗೇನು ಧಾಡಿ?