ಗುಡಿ ಬಿಚ್ಚಿ ಕಟ್ಟಿದ್ದು

ಲಾರಿ ಏರಿನಲ್ಲಿ ಹಿಂದಕ್ಕೆ ಜಾರಬಹುದಿತ್ತು. ಕ್ರೇನಿನ ಹಗ್ಗ ಹರಿದು ಕಂಬ ತುಂಡಾಗಬಹುದಿತ್ತು. ಕಲ್ಲಿಗೆ ಬರೆದ ನಂಬರು ಮಳೆಗೆ ಅಳಿಸಿಹೋಗಬಹುದಿತ್ತು. ಕೃಷ್ಣೆಯ ಹಿನ್ನೀರು ಮೊದಲೇ ಬಂದು ಅರ್ಧ ಗುಡಿ ಅಲ್ಲಿ, ಅರ್ಧ ಇಲ್ಲಿ ಆಗಬಹುದಿತ್ತು. ಎಲ್ಲ ಜೋಡಿಸಿದ ಮೇಲೆ ಒಂದು ಕಲ್ಲು ಉಳಿದುಬಿಟ್ಟರೆ? ಚಿಂತೆಗೆ ಸಂಬಳವಿದ್ದಿದ್ದರೆ ನಾನು ಜಮಖಂಡಿಯಲ್ಲಿ ಗುಮಾಸ್ತಿಕೆ ಮಾಡಬೇಕಿರಲಿಲ್ಲ.

ಬೀಳಗಿ ತಾಲೂಕಿನ ನಮ್ಮೂರು ಮುಳುಗಲಿತ್ತು. ಅಲ್ಲಿನ ಶಿವನ ಗುಡಿ ಚಾಲುಕ್ಯರ ಕಾಲದ್ದು. ಶ್ರೀಶೈಲಕ್ಕೆ ನಡೆದು ಹೋಗುವವರು ತಂಗುತ್ತಿದ್ದ ಜಾಗ. ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲು ತನ್ನ ಭಾರದಿಂದಲೇ ನಿಂತದ್ದು. ತಿರುಗಣಿಯಲ್ಲಿ ತಿರುವಿ ನಯಗೊಳಿಸಿದ ಕಂಬಗಳಲ್ಲಿ ನಮ್ಮ ಮುಖ ಡೊಂಕಾಗಿ ಕಾಣುತ್ತಿತ್ತು. ಅದನ್ನು ಬಿಚ್ಚಿ, ಎತ್ತರದ ಹೊಸ ಊರಿನಲ್ಲಿ ಕಟ್ಟುವುದೆಂದಾಯಿತು. ನನ್ನ ಕಾಕಾ ಮಾತ್ರ ಹೊಲದ ಗುಡಿಸಲು ಸೇರಿ ಹಟ ಹಿಡಿದರು.

“ಗುಡಿ ಇದ್ದಂಗ ನಿಂತ್ರ ಬರ್ತೀನಿ. ಇಲ್ಲಂದ್ರ ಇಲ್ಲೇ ನೀರಾಗ ಕುಂದರತೀನಿ. ನೀ ನಿಂತು ನೋಡ್ಕೋ, ಸಾಲಿ ಕಲ್ತಾಂವ!”

ರಜೆ ಹಾಕಿ ನಿಂತೆ. ದೇವರ ಕಲ್ಲಿನ ಮೇಲೆ ಬಣ್ಣ ಕಾಣಬಾರದೆಂದು ಊರವರ ಕಟ್ಟಪ್ಪಣೆ. ಹಾಗಾಗಿ ಮೇಸ್ತ್ರಿ ಪ್ರತಿ ಕಲ್ಲಿನಲ್ಲೂ ಮುಚ್ಚಿಹೋಗುವ ಮಗ್ಗುಲು ಹುಡುಕಿ ಅಲ್ಲಿ ನಂಬರು ಬರೆಯುತ್ತಿದ್ದ. ಬೆನ್ನ ಹಿಂದೆಯೇ ಸುಳಿಯುತ್ತಿದ್ದ ನನಗೆ ಒಮ್ಮೆ ಅಂದ: “ಸಾಹೇಬ್ರ, ನೆರಳಾಗ ಕುಂದರ್ರಿ. ನಿಮ್ಮ ಮಾರಿ ನೋಡಿ ಕಲ್ಲೂ ಅಂಜಾಕತ್ತಾವು.”

ಗುಡಿ ನಿಂತಿತು. ಗರ್ಭಗುಡಿ, ಅದರ ಮುಂದೆ ನವರಂಗ, ಹಂತ ಹಂತವಾಗಿ ಏರುವ ಶಿಖರ, ಎಲ್ಲವೂ ನೂಲು ಹಿಡಿದಂತೆ. ಬೆಳಗಿನ ಬಿಸಿಲು ಮೊದಲಿನಂತೆಯೇ ಬಾಗಿಲು ದಾಟಿ ಲಿಂಗ ಮುಟ್ಟಿತು. ನಾನು ಕೂಡ ಎದೆಯುಬ್ಬಿಸಿ ನಿಂತೆ. ಅಭ್ಯಾಸವಿಲ್ಲದ್ದರಿಂದ ಬೆನ್ನು ನೋಯಿತು.

ಕಾಕಾ ಬಂದರು. ಹಾಸಿಗೆಯನ್ನು ಟ್ರ್ಯಾಕ್ಟರಿನಲ್ಲೇ ಬಿಟ್ಟು ಇಳಿದರು. ಕಂಬ ಸವರಿದರು, ತಲೆ ಎತ್ತಿ ಛತ್ತಿನಲ್ಲಿ ಕೆತ್ತಿದ ತಾವರೆ ನೋಡಿದರು. “ಖರೇನ ಅದ ಗುಡಿ,” ಎಂದರು. ಕೊನೆಗೆ ಮುಖಮಂಟಪದ ಕಲ್ಲಿನ ಆಸನದಲ್ಲಿ ಕುಳಿತು ಪಕ್ಕದಲ್ಲಿ ಅಂಗೈಯಾಡಿಸಿದರು.

“ಹುಲಿಮನಿ ಎಲ್ಲೈತಲೇ?”

ಹಿಂದೆ ಯಾವುದೋ ಕಾಲದ ಯಾತ್ರಿಕರು ಹೊತ್ತು ಹೋಗದೆ ಆ ಆಸನದ ಮೇಲೆ ಹುಲಿ-ಕುರಿ ಆಟದ ಗೆರೆ ಕೊರೆದಿದ್ದರು. ಕಾಕಾನ ಮಧ್ಯಾಹ್ನಗಳೆಲ್ಲ ಕಳೆದದ್ದು ಅದರ ಮೇಲೆ.

ಮೇಸ್ತ್ರಿ ಓಡಿ ಬಂದ. “ಅದು ಗೆರಿ ಬಿದ್ದು ಕೆಟ್ಟಿತ್ರಿ, ಯಜಮಾನ್ರ. ಆ ಮಗ್ಗಲಕ್ಕ ನಂಬರ ಬರದು ಕೆಳಗ ಹಾಕೀನಿ. ಛಲೋ ಮಗ್ಗಲ ಮ್ಯಾಲ ಬಂದೈತಿ ನೋಡ್ರಿ!”

ನಾನು ಇಷ್ಟೆಲ್ಲ ಚಿಂತಿಸಿದರೂ ಇದೊಂದು ಹೊಳೆದಿರಲಿಲ್ಲ. ಕಾಕಾ ಟ್ರ್ಯಾಕ್ಟರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೇಸ್ತ್ರಿಯತ್ತ ಕೈ ಚಾಚಿದರು.

“ಉಳಿ ಕೊಡು ಇಲ್ಲೆ. ಲೇ ತಮ್ಮಾ, ನೀ ಹಾಸಿಗಿ ಇಳಿಸಿ ಬಾ. ಕುರಿ ನೀನ ಆಡು, ಹೆಂಗಿದ್ರೂ ಅಂಜಬುರಕ.”