ಹಳೆಯ ಬ್ರೌಸರಿನಲ್ಲಿ ಕಂಡ ಸಾಲು

ಕಂಪ್ಯೂಟರ್ ತಾನಾಗಿ ಏನನ್ನೂ ಮಾಡುವುದಿಲ್ಲ, ನಾವು ಬರೆದದ್ದನ್ನಷ್ಟೇ ತೋರಿಸುತ್ತದೆ ಎಂದು ನಂಬಿದ್ದವನು ನಾನು. ಯಾರಾದರೂ ಇಂಥ ಕಥೆ ಹೇಳಿದರೆ ನಗುತ್ತಿದ್ದೆ. ಆದ್ದರಿಂದ ನೀವು ಇದನ್ನು ನಂಬದಿದ್ದರೂ ನನಗೆ ಬೇಸರವಿಲ್ಲ.

ಎರಡು ಸಾವಿರದ ನಾಲ್ಕರ ಸುಮಾರಿಗೆ ನಾನು ಕೊಚ್ಚಿಯ ಐಟಿ ಪಾರ್ಕಿನಲ್ಲಿದ್ದೆ. ಗಿರಾಕಿಗಳ ವೆಬ್‌ಸೈಟುಗಳನ್ನು ಹಳೆಯ ಬ್ರೌಸರುಗಳಲ್ಲಿ ತೆರೆದು, ಎಲ್ಲೆಲ್ಲಿ ಕೆಟ್ಟು ಕಾಣುತ್ತದೆ ಎಂದು ಹುಡುಕುವುದು ನನ್ನ ಕೆಲಸ. ಹೊಸದರಲ್ಲಿ ಅಂದವಾಗಿದ್ದ ಪುಟ ಹಳೆಯದರಲ್ಲಿ ಚೆಲ್ಲಾಪಿಲ್ಲಿಯಾಗುತ್ತಿತ್ತು. ಅದನ್ನು ಸರಿಪಡಿಸುತ್ತಿದ್ದವಳು ನಮ್ಮ ತಿರುವನಂತಪುರದ ಕಚೇರಿಯ ವಿನುತಾ. ಅವಳು ಮಂಜೇಶ್ವರದವಳು, ನಾನು ಕುಂಬಳೆಯವನು; ಇಬ್ಬರೂ ಗಡಿನಾಡಿನ ಕನ್ನಡಿಗರು. ಮುಖ ನೋಡಿರಲಿಲ್ಲ, ಫೋನಿನಲ್ಲೇ ಪರಿಚಯ.

"ಈಗ ನೋಡಿ ಮಾರಾಯ್ರೆ, ಸರಿ ಆಯ್ತಾ?" ಎನ್ನುತ್ತಿದ್ದಳು. ಸರಿಯಾಗಿದ್ದರೂ ಕೆಲವೊಮ್ಮೆ "ಇಲ್ಲ, ಇನ್ನೊಮ್ಮೆ ನೋಡಿ" ಎನ್ನುತ್ತಿದ್ದೆ. ದಿನವಿಡೀ ಇಂಗ್ಲಿಷು, ಮಲಯಾಳಂ ಕೇಳುವ ಕಿವಿಗೆ ಆ ದನಿ ಬೇಕಾಗಿತ್ತು.

ಒಂದು ದಿನ ಅವಳು, "ಮನೆಯಲ್ಲಿ ಸಂಬಂಧ ನೋಡಿದ್ದಾರೆ. ಕೆಲಸ ಬಿಡ್ತಾ ಇದ್ದೇನೆ," ಎಂದಳು. "ಒಳ್ಳೇದಾಯ್ತು" ಎಂದಷ್ಟೇ ಹೇಳಿದೆ.

ಆ ಭಾನುವಾರ ನಸುಕಿನ ರೈಲು ಹಿಡಿದು ತಿರುವನಂತಪುರಕ್ಕೆ ಹೋದೆ. ಅಲ್ಲಿನ ಉಳ್ಳೂರು ಬಡಾವಣೆಯಲ್ಲಿ, ಅವಳು ಹಿಂದೆ ಹೇಳಿದ್ದ ಹಾಸ್ಟೆಲಿನ ಗೇಟಿನೆದುರು ಅರ್ಧ ಗಂಟೆ ನಿಂತೆ. ಯಾರು ಬೇಕು ಎಂದು ಕಾವಲುಗಾರ ಕೇಳಿದರೆ ಏನು ಹೇಳಲಿ? ವಿಚಾರಿಸದೆಯೇ ಮರಳಿದೆ. ಯಾರಿಗೂ ಹೇಳಲಿಲ್ಲ.

ಎರಡು ದಿನ ಕಳೆದು, ಬೆಳಗಿನ ಹನ್ನೊಂದರ ಹೊತ್ತಿಗೆ, ಚಾಲೈ ಪೇಟೆಯ ಮಸಾಲೆ ವ್ಯಾಪಾರಿಯೊಬ್ಬರ ಸೈಟನ್ನು ಹಳೆಯ ಬ್ರೌಸರಿನಲ್ಲಿ ತೆರೆದೆ. ಏಲಕ್ಕಿಯ ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಕನ್ನಡದ ಸಾಲಿತ್ತು: "ಉಳ್ಳೂರಿನವರೆಗೆ ಬಂದು ಹಾಗೇ ಹೋದ್ರಲ್ಲ?"

ಪಕ್ಕದ ಕುರ್ಚಿಯ ಬಿಜು ಬಗ್ಗಿ ನೋಡಿ, "ಇದೆಂದಾ ಚೇಟ್ಟಾ, ಉಳ್ಳೂರೋ?" ಎಂದ. ಇದೇನಣ್ಣಾ, ಉಳ್ಳೂರಾ ಎಂದು ಕೇಳುತ್ತಿದ್ದ. ಅಂದರೆ ಅವನಿಗೂ ಕಂಡಿತ್ತು. ಬ್ರೌಸರು ಕೂಡಿಟ್ಟುಕೊಂಡ ಹಳೆಯ ಪ್ರತಿಯಿರಬಹುದೆಂದು ಎಲ್ಲವನ್ನೂ ಅಳಿಸಿ ಮತ್ತೆ ತೆರೆದೆ. ಸಾಲು ಅಲ್ಲೇ ಇತ್ತು. ಮೂರನೆಯ ಸಲ ತೆರೆದಾಗ ಇರಲಿಲ್ಲ. ತಿರುವನಂತಪುರಕ್ಕೆ ಫೋನ್ ಮಾಡಿದೆ. ವಿನುತಾಳ ಜಾಗಕ್ಕೆ ಬಂದವನು ಫೈಲುಗಳನ್ನೆಲ್ಲ ಜಾಲಾಡಿ, ಅಂಥದ್ದೇನೂ ಇಲ್ಲ ಎಂದ.

ಸಂಜೆ ಕಚೇರಿಯಿಂದ ನಂಬರು ಪಡೆದು, ಧೈರ್ಯ ಮಾಡಿ ಮಂಜೇಶ್ವರದ ಅವಳ ಮನೆಗೇ ಫೋನ್ ಮಾಡಿ ಎಲ್ಲ ಹೇಳಿದೆ.

"ನಾನು ಎಂತದೂ ಬರೀಲಿಲ್ಲ. ನೀವು ಬಂದದ್ದೇ ನನಗೆ ಈಗ ಗೊತ್ತಾಗುವುದು," ಎಂದಳು. ಆಮೇಲೆ, "ಯಾವಾಗ ಬಂದದ್ದು?" ಎಂದು ಕೇಳಿದಳು.

"ಭಾನುವಾರ, ಹನ್ನೊಂದು ಗಂಟೆಗೆ."

"ಅವತ್ತು ಬೆಳಿಗ್ಗೆಯೇ ಹಾಸ್ಟೆಲ್ ಬಿಟ್ಟು ಊರಿಗೆ ಹೊರಟಿದ್ದೆ. ಆ ಹೊತ್ತಿಗೆ ನನ್ನ ರೈಲು ನಿಮ್ಮ ಕೊಚ್ಚಿಯ ಎರ್ನಾಕುಳಂ ಸ್ಟೇಷನ್ನಿನಲ್ಲಿ ನಿಂತಿತ್ತು. ಇಳಿಯುವಾ ಅಂತ ಬ್ಯಾಗ್ ತೆಗೆದಿದ್ದೆ. ಮತ್ತೆ ಕೂತುಬಿಟ್ಟೆ."

ಒಳಗಿನಿಂದ ಯಾರೋ ಕರೆದರು. ಅವಳು ಫೋನ್ ಇಟ್ಟಳು. ಮುಂದಿನ ತಿಂಗಳು ಅವಳ ಮದುವೆಯಾಯಿತು.

ಬಲ್ಲವರನ್ನು ಕೇಳಿದ್ದೇನೆ. ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆ. ಆದರೆ ನಾನು ಆ ಗೇಟಿನೆದುರು ನಿಂತಿದ್ದು ನನ್ನೊಬ್ಬನಿಗೇ ಗೊತ್ತಿದ್ದ ಸಂಗತಿ. ಆ ಸಾಲನ್ನು ಬರೆದವರು ಯಾರೆಂದು ಇವತ್ತಿಗೂ ನನಗೆ ತಿಳಿದಿಲ್ಲ.