ಹುಣಸೆಹುಳಿಯ ಮೇಲೆ ಬಂದ ಆರೋಪ

ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಆರ್ಮರರ್, ಅಂದರೆ ಬಂದೂಕು ದುರಸ್ತಿಯವನಾಗಿ ದುಡಿದು ಬಜಗೋಳಿಗೆ ಮರಳಿದ ಮೇಲೆ, ಕಾಪುವಿನ ಒಂದು ರೈಫಲ್ ಕ್ಲಬ್ಬಿನಲ್ಲಿ ಮದ್ದುಗುಂಡಿನ ಉಸ್ತುವಾರಿಗೆ ಸೇರಿದೆ. ಈ ಘಟನೆ ನಡೆದದ್ದು ಅಲ್ಲಿ ನನ್ನ ಮೂರನೆಯ ವರ್ಷ, ತುಳುವರ ಸೋಣ ತಿಂಗಳಲ್ಲಿ, ಅಂದರೆ ಆಗಸ್ಟ್ ಹೊತ್ತಿಗೆ. ನನ್ನ ಹೆಸರಿಗಿಂತ ಮೊದಲು ನನ್ನ ಹಟ ಊರಿಗೆ ಗೊತ್ತಾಗುತ್ತದೆ ಎಂದು ಹೆಂಡತಿ ಹೇಳುವುದುಂಟು. ಆ ಹಟ ಕೆಲಸಕ್ಕೆ ಬಂದ ಸಂದರ್ಭ ಇದು.

ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಗೆ ಕೇಸ್ ಎನ್ನುತ್ತೇವೆ. ಪರವಾನಗಿ ಇರುವ ಕ್ಲಬ್ಬುಗಳಲ್ಲಿ ಅದನ್ನು ತೊಳೆದು, ಹೊಳಪು ಕೊಟ್ಟು, ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು ಮತ್ತೆ ಮದ್ದು ತುಂಬುತ್ತಾರೆ. ಇದೇ ರೀಲೋಡಿಂಗ್. ತೊಳೆಯುವುದು ಚಂದಕ್ಕಲ್ಲ. ಮಸಿ ಹಿಡಿದ ಕೇಸಿನಲ್ಲಿ ಬಿರುಕಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಬಿರುಕಿದ್ದ ಕೇಸ್ ಗುಂಡು ಹೊಡೆಯುವವರ ಮುಖಕ್ಕೇ ಬೆಂಕಿ ಉಗುಳಬಹುದು.

ತೊಳೆಯುವ ಕೆಲಸ ಜಲಜಕ್ಕನದು. ಕಡಲ ಬದಿಯ ಮೊಗವೀರ ಹೆಂಗಸು, ತಮ್ಮೂರಿನ ಭಜನಾ ಮಂದಿರದ ದೀಪಗಳನ್ನು ಹುಣಸೆಹುಳಿಯಲ್ಲಿ ತಿಕ್ಕಿ ಪಳಗಿದ ಕೈ. ಅಂಗಡಿಯ ಕೆಲವು ಪಾಲಿಶ್‌ಗಳಲ್ಲಿ ಅಮೋನಿಯಾ ಇರುತ್ತದೆ, ಅದು ಹಿತ್ತಾಳೆಗೆ ಆಗದು, ಬಿರಿಯುವಂತೆ ಮಾಡುತ್ತದೆ. ಹಾಗಾಗಿ ಹುಳಿನೀರೇ ಸಾಕೆಂದು ಹೇಳಿದವನು ನಾನೇ. ಹತ್ತು ನಿಮಿಷ ನೆನೆಸಿ, ಮೂರು ನೀರಿನಲ್ಲಿ ಜಾಲಿಸಿ, ಒಣಗಿಸಿ, ಜೋಳದ ದಿಂಡಿನ ಪುಡಿ ತುಂಬಿದ ತಿರುಗುವ ಡ್ರಮ್ಮಿಗೆ ಹಾಕಿದರೆ ಕೇಸ್‌ಗಳು ಫಳಫಳ ಹೊಳೆಯುತ್ತಿದ್ದವು. ಈ ಕೆಲಸಕ್ಕೆ ಕ್ಲಬ್ಬಿನ ಕಾರ್ಯದರ್ಶಿಯವರು ತಮ್ಮ ಐಸ್ ಪ್ಲಾಂಟಿನ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟಿದ್ದರು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದಿದ್ದವು. ಒಂದು ಬೆಳಿಗ್ಗೆ, ಮಣಿಪಾಲದಿಂದ ಬರುತ್ತಿದ್ದ ಸ್ಮಿತಾ ಎಂಬ ಶೂಟರ್ ಪಿಸ್ತೂಲಿನ ಅಭ್ಯಾಸಕ್ಕೆ ನಿಂತಿದ್ದರು. ಐದನೆಯ ಗುಂಡಿಗೆ ಬಿಸಿ ಹೊಗೆ ಹಿಂದಕ್ಕೆ ಚಿಮ್ಮಿ ಅವರ ಕೆನ್ನೆ ಸುಟ್ಟಿತು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ಕೇಸನ್ನು ಹೊರತೆಗೆದು ನೋಡಿದರೆ ಬಾಯಿಯಿಂದ ಕೆಳಗೆ ಉದ್ದಕ್ಕೆ ಸೀಳಿತ್ತು. ಮೂರು ವಾರದ ಹಿಂದೆ ತೊಳೆದಾಗ ಅದನ್ನು ನಾನೇ ಪರೀಕ್ಷಿಸಿದ್ದೆ. ಮದ್ದು ತುಂಬುವ ದಿನ ಮಾತ್ರ ಹೊಳಪು ನೋಡಿ ಮೋಸಹೋಗಿ, ಇನ್ನೊಮ್ಮೆ ನೋಡಿರಲಿಲ್ಲ. ಆ ತಪ್ಪು ನನ್ನದು, ಇವತ್ತಿಗೂ ನಾಚಿಕೆಯಾಗುತ್ತದೆ.

ಕಾರ್ಯದರ್ಶಿಯವರು ಸಂಜೆಯೊಳಗೆ ವರದಿ ಸಿದ್ಧಪಡಿಸಿಬಿಟ್ಟರು. ಕಾರಣ: ಹುಳಿಯಲ್ಲಿ ತೊಳೆದದ್ದು. ಹೊಣೆ: ಜಲಜ. ಕೆಳಗೆ ನನ್ನ ಸಹಿಗೆ ಜಾಗ.

"ಹುಳಿ ಹಾಕಿ ತಿಕ್ಕಿದರೆ ಹಿತ್ತಾಳೆಯನ್ನು ತಿನ್ನದೆ ಇರ್ತದಾ? ಆ ಹೆಂಗಸು ನಾಳೆಯಿಂದ ಬರುವುದು ಬೇಡ ಅಂತ ಹೇಳಿ, ಹವಾಲ್ದಾರ್ರೇ."

"ತೊಳೆಯಲಿಕ್ಕೆ ಹೇಳಿದ್ದು ನಾನು. ಕಾರಣ ಗೊತ್ತಾಗದೆ ಸಹಿ ಹಾಕುವುದಿಲ್ಲ," ಎಂದೆ.

ಜಲಜಕ್ಕನಿಗೆ ಸುದ್ದಿ ನನಗಿಂತ ಮೊದಲು ತಲುಪಿತ್ತು. ಅವರು ಅಳಲಿಲ್ಲ, ಸಿಟ್ಟಿನಲ್ಲಿದ್ದರು. "ಕೆಲಸ ಹೋದರೆ ಹೋಗಲಿ. ಆ ಹುಡುಗಿಯ ಮುಖ ಸುಟ್ಟದ್ದು ನನ್ನ ಕೈ ಅಂತ ಊರಲ್ಲಿ ಹೇಳಿದರೆ ಮಂದಿರದ ದೀಪ ಮುಟ್ಟುವುದು ಹೇಗೆ ನಾನು? ಇಷ್ಟು ವರ್ಷ ಹುಳಿಯಲ್ಲೇ ತಿಕ್ಕಿದ್ದು, ಒಂದು ದೀಪವಾದರೂ ಒಡೆದದ್ದು ಉಂಟಾ?"

ದೀಪದ ಮಾತು ನನಗೆ ಸಾಕ್ಷಿಯಾಗುತ್ತಿರಲಿಲ್ಲ. ದೀಪ ಎರಕದ್ದು. ಕೇಸ್ ಹಾಗಲ್ಲ, ಹಿತ್ತಾಳೆಯ ತಗಡನ್ನು ಎಳೆದೆಳೆದು ಮಾಡಿದ್ದು. ಗುಂಡು ಹಾರಿದಾಗ ಉಬ್ಬಿ, ಅಚ್ಚಿನಲ್ಲಿ ಮತ್ತೆ ಕುಗ್ಗಿ, ಅದರ ಮೈಯಲ್ಲಿ ಬಿಗಿತ ಉಳಿದಿರುತ್ತದೆ. ಆದರೂ ನನಗೊಂದು ಅನುಮಾನವಿತ್ತು. ಹುಳಿ ಹೆಚ್ಚಾದರೆ ಹಿತ್ತಾಳೆ ಕೆಂಪಗಾಗುತ್ತದೆ. ಸೀಳಿದ ಕೇಸಿನ ಅಂಚಿನಲ್ಲಿದ್ದದ್ದು ನೀಲಿ ಕಲೆ.

ಅಪಘಾತದ ಮೇಲೆ ಕೆಲಸ ನಿಂತಿದ್ದರಿಂದ ನಾಲ್ಕು ದಿನ ಮನೆಯಲ್ಲಿದ್ದು ಮತ್ತೆ ಆ ಕೋಣೆಯ ಬಾಗಿಲು ತೆಗೆದಾಗ ಕಣ್ಣು ಉರಿಯಿತು. ಐಸ್ ಪ್ಲಾಂಟಿನಲ್ಲಿ ನೀರನ್ನು ಹೆಪ್ಪುಗಟ್ಟಿಸುವುದು ಅಮೋನಿಯಾದಿಂದ. ಎಲ್ಲೋ ಸೋರುತ್ತಿತ್ತು. ಹಿತ್ತಾಳೆಯ ಮೇಲೆ ನೀಲಿ ಕಲೆ ಬಿಡುವುದೂ ಅದೇ. ದಿನವೂ ಅಲ್ಲೇ ಕೂತ ನನ್ನ ಮೂಗಿಗೆ ಅದು ಗೊತ್ತಾಗದಷ್ಟು ಅಭ್ಯಾಸವಾಗಿಬಿಟ್ಟಿತ್ತು. ಬಾಟಲಿಯೊಳಗಿನ ಅಮೋನಿಯಾಕ್ಕೆ ಹೆದರಿ ಹುಳಿ ಹಿಡಿದ ಬುದ್ಧಿವಂತನಿಗೆ ಗೋಡೆಯಾಚೆಯದ್ದು ಹೊಳೆಯಲಿಲ್ಲ ನೋಡಿ!

ಒಂದೇ ಪೆಟ್ಟಿಗೆಯಿಂದ, ಇನ್ನೂ ತೊಳೆಯದ ಇಪ್ಪತ್ತನಾಲ್ಕು ಕೇಸ್‌ಗಳನ್ನು ಆರಿಸಿ, ಒರೆಸಿ, ಬಿರುಕಿಲ್ಲವೆಂದು ನೋಡಿ ಅಚ್ಚಿನಲ್ಲಿ ಒತ್ತಿದೆ. ಹನ್ನೆರಡನ್ನು ಹುಳಿಯಲ್ಲಿ ತೊಳೆದೆ, ಹನ್ನೆರಡಕ್ಕೆ ಹುಳಿ ಮುಟ್ಟಿಸಲೇ ಇಲ್ಲ. ಎರಡರಲ್ಲೂ ಅರ್ಧರ್ಧ ಆ ಕೋಣೆಯಲ್ಲಿಟ್ಟೆ, ಉಳಿದರ್ಧ ಬಜಗೋಳಿಯ ನನ್ನ ಮನೆಯಲ್ಲಿ. ಮೂರು ವಾರ ಕಾದೆ. ಕಾರ್ಯದರ್ಶಿಯವರು ದಿನವೂ ಫೋನ್ ಮಾಡಿ ಸಹಿ ಕೇಳಿದರು. "ಎಂತ ಮಾರಾಯ್ರೇ, ಒಂದು ಹೆಂಗಸಿಗಾಗಿ ಇಷ್ಟು ರಗಳೆಯಾ?" ಎಂದೂ ಕೇಳಿದರು. ಹೌದು ಎಂದೆ.

ಕ್ಲಬ್ಬಿನ ಸಭೆಯಲ್ಲಿ ಕೇಸ್‌ಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಎಲ್ಲರ ಕೈಗೂ ಭೂತಗನ್ನಡಿ ಕೊಟ್ಟೆ. ಬಜಗೋಳಿಯ ಹನ್ನೆರಡರಲ್ಲಿ ಒಂದೂ ಬಿರಿದಿರಲಿಲ್ಲ. ಕೋಣೆಯದ್ದರಲ್ಲಿ ಒಂಬತ್ತು ಬಿರಿದಿದ್ದವು. ಅವುಗಳಲ್ಲಿ ನಾಲ್ಕು ಹುಳಿಯಲ್ಲಿ ತೊಳೆದವು, ಐದು ಹುಳಿ ಕಾಣದವು.

"ಇದನ್ನು ಹೊರಗೆ ಹೇಳುವುದು ಬೇಡ. ನನ್ನ ಪ್ಲಾಂಟಿನ ಹೆಸರು ಹಾಳಾಗ್ತದೆ," ಎಂದರು ಕಾರ್ಯದರ್ಶಿ.

ನನಗೆ ತಡೆಯಲಾಗಲಿಲ್ಲ. "ನಿಮ್ಮ ಹೆಸರು ಹಾಳಾಗಬಾರದು, ಜಲಜಕ್ಕನದ್ದು ಆಗಬಹುದಾ? ಹಿತ್ತಾಳೆ ಮೂರೇ ವಾರಕ್ಕೆ ಸೀಳಿತು. ಅದೇ ಗಾಳಿಯನ್ನು ನಿಮ್ಮ ಕೆಲಸದವರು ದಿನವೂ ಕುಡಿಯುತ್ತಿದ್ದಾರೆ. ಇವತ್ತೇ ಮೆಕ್ಯಾನಿಕ್‌ನನ್ನು ಕರೆಸಿ. ಇಲ್ಲದಿದ್ದರೆ ಈ ಕೇಸ್‌ಗಳನ್ನು ಹಿಡಿದುಕೊಂಡು ಉಡುಪಿಯ ಅಧಿಕಾರಿಗಳ ಹತ್ತಿರ ನಾನೇ ಹೋಗ್ತೇನೆ."

ಕೆನ್ನೆಯ ಕಲೆ ಇನ್ನೂ ಮಾಸದ ಸ್ಮಿತಾ ಎದ್ದು ನಿಂತು, "ನಾನೂ ಬರ್ತೇನೆ," ಎಂದರು.

ಮರುದಿನವೇ ಕಂಪ್ರೆಸರಿನ ಬಳಿ ಸೋರಿಕೆ ಸಿಕ್ಕಿತು. ಮೆಕ್ಯಾನಿಕ್ ಅದನ್ನು ಸರಿಪಡಿಸಿದ, ನಮ್ಮ ಕೆಲಸ ಉದ್ಯಾವರದ ಬೇರೊಂದು ಕೋಣೆಗೆ ಹೋಯಿತು. ಅಲ್ಲಿಂದ ಮುಂದೆ ಮದ್ದು ತುಂಬುವ ದಿನ ಪ್ರತಿಯೊಂದು ಕೇಸನ್ನೂ ಎರಡನೆಯ ಸಲ ನೋಡದೆ ನಾನು ಮುಂದಕ್ಕೆ ಕಳಿಸಿದ್ದಿಲ್ಲ. ಹೊಳಪನ್ನು ನಂಬಬಾರದು, ತಪ್ಪನ್ನು ಕೈಗೆ ಸಿಕ್ಕ ಬಡವರ ತಲೆಗೆ ಕಟ್ಟಬಾರದು ಎಂದು ಈ ಕೆಲಸ ನನಗೆ ಕಲಿಸಿತು.

ಜಲಜಕ್ಕನನ್ನು ಕರೆಯಲು ಕಾರ್ಯದರ್ಶಿಯವರೇ ಹೋಗಬೇಕೆಂದು ಹಟ ಹಿಡಿದೆ. ಹೋದರು, ಜೊತೆಯಲ್ಲಿ ನಾನೂ ಇದ್ದೆ. ಅವರ ಅಂಗಳದಲ್ಲೇ ನಿಂತು ಹಳೆಯ ವರದಿಯನ್ನು ತೆಗೆದು, ಜಲಜಕ್ಕನ ಹೆಸರಿನ ಮೇಲೆ ಗೀಟು ಎಳೆದು ತೋರಿಸಿದರು.

ಜಲಜಕ್ಕ ಕಾಗದವನ್ನು ಮುಟ್ಟಲಿಲ್ಲ. "ನನ್ನ ಹೆಸರು ಹೊಡೆದು ಹಾಕಿದರೆ ಆಯ್ತಾ? ಆ ಜಾಗ ಖಾಲಿ ಬಿಡಬೇಡಿ ಧಣಿಗಳೇ. ನಿಮ್ಮದು ಬರೆಯಿರಿ."

ಕಾರ್ಯದರ್ಶಿಯವರು ನನ್ನ ಮುಖ ನೋಡಿದರು. ನಾನು ಜೇಬಿನಿಂದ ಪೆನ್ನು ತೆಗೆದು ಕೊಟ್ಟೆ.